ಹೆಲ್ಮೆಟ್ ಹಾಕಿದರೆ ಸಾಕೇ? ಬೆಲ್ಲ ತಿಂದರೆ ಧೂಳು ಹೋಗುತ್ತದೆಯೇ? ಕಟ್ಟಡ ಕೆಲಸದ ಸುರಕ್ಷತೆ: ನಂಬಿಕೆ ಮತ್ತು ವಾಸ್ತವ

ಹೊಸ ಕಟ್ಟಡ ಮೇಲೇಳುವಾಗ ಮುಂದೆ ಒಂದು ದೃಷ್ಟಿ ಗೊಂಬೆ ತೂಗುತ್ತದೆ. ಕಟ್ಟಡಕ್ಕೆ ಯಾರ ಕಣ್ಣೂ ಬೀಳದಿರಲಿ ಎಂಬ ಆಸೆ. ಅದೇ ಕಟ್ಟಡದ ಮೂರನೇ ಅಂತಸ್ತಿನ ಅಂಚಿನಲ್ಲಿ ಗಾರೆ ಕೆಲಸದವರು ಒಂದು ಹಲಗೆಯ ಮೇಲೆ ನಿಂತಿರುತ್ತಾರೆ. ಅವರ ಮುಂದೆ ತಡೆಗಂಬಿ ಇರುವುದಿಲ್ಲ, ಕೆಳಗೆ ಬಲೆಯೂ ಇರುವುದಿಲ್ಲ. ಅವಘಡವಾದರೆ "ಹಣೆಬರಹ" ಎನ್ನುತ್ತೇವೆ.

ಕಟ್ಟಡ ಕೆಲಸದ ಬಗ್ಗೆ ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಮತ್ತು ಸೈಟುಗಳಲ್ಲಿ ಬಾಯಿಂದ ಬಾಯಿಗೆ ಹರಿದಾಡುವ ನಂಬಿಕೆಗಳು ಹಲವು. ಕೆಲವು ಅರ್ಧ ಸತ್ಯ, ಕೆಲವು ಪೂರ್ತಿ ಸುಳ್ಳು. ಇವುಗಳಲ್ಲಿ ಏಳನ್ನು ಒಂದೊಂದಾಗಿ ನೋಡೋಣ.

ನಂಬಿಕೆ 1: "ಒಂದೇ ಅಂತಸ್ತು ತಾನೆ, ಬಿದ್ದರೂ ಏನೂ ಆಗಲ್ಲ. ಹುಷಾರಾಗಿದ್ದರೆ ಬೀಳುವುದೇ ಇಲ್ಲ"

ವಾಸ್ತವ: ಸುಳ್ಳು. ಒಂದು ಅಂತಸ್ತಿನ ಎತ್ತರ ಸುಮಾರು 3 ಮೀಟರ್. ಅಲ್ಲಿಂದ ಬಿದ್ದ ವ್ಯಕ್ತಿ ನೆಲ ಮುಟ್ಟಲು ಬೇಕಾಗುವುದು 0.8 ಸೆಕೆಂಡಿಗಿಂತ ಕಡಿಮೆ. ನೆಲಕ್ಕೆ ಅಪ್ಪಳಿಸುವಾಗ ಅವರ ವೇಗ ಗಂಟೆಗೆ ಸುಮಾರು 27 ಕಿ.ಮೀ. ಎರಡು ಅಂತಸ್ತಾದರೆ ಗಂಟೆಗೆ ಸುಮಾರು 39 ಕಿ.ಮೀ. ಓಡುವ ಬೈಕಿನಿಂದ ನೇರವಾಗಿ ಕಾಂಕ್ರೀಟಿಗೆ ತಲೆ ಕೊಟ್ಟ ಹಾಗೆ. ಬೀಳುತ್ತಿದ್ದೇನೆ ಎಂದು ಮೆದುಳಿಗೆ ಗೊತ್ತಾಗಿ ಕೈ ಏನನ್ನಾದರೂ ಹಿಡಿಯುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಅಮೆರಿಕ ಮತ್ತು ಬ್ರಿಟನ್‌ನ ಅಧಿಕೃತ ಅಂಕಿಅಂಶಗಳಲ್ಲಿ ವರ್ಷ ವರ್ಷವೂ ಕಾಣುವ ಸಂಗತಿ ಒಂದಿದೆ. ನಿರ್ಮಾಣ ಕ್ಷೇತ್ರದಲ್ಲಿ ಅತಿ ಹೆಚ್ಚು ಜೀವ ತೆಗೆಯುವುದು ಎತ್ತರದಿಂದ ಬೀಳುವುದು. ಬಿದ್ದವರೆಲ್ಲ ಅಜಾಗರೂಕರಲ್ಲ. ಹತ್ತು ಗಂಟೆ ಬಿಸಿಲಲ್ಲಿ ದುಡಿದ ಮನುಷ್ಯ ಒಮ್ಮೆ ಎಡವುವುದು ಸಹಜ. ಎಡವಿದರೂ ಸಾಯದಂತೆ ಜಾಗವನ್ನು ಸಿದ್ಧ ಮಾಡುವುದನ್ನೇ ಸುರಕ್ಷತೆ ಎನ್ನುತ್ತೇವೆ.

ನಂಬಿಕೆ 2: "ಹೆಲ್ಮೆಟ್ ಕೊಟ್ಟಿದ್ದೇವೆ, ಸೇಫ್ಟಿ ಮುಗಿಯಿತು"

ವಾಸ್ತವ: ಹೆಲ್ಮೆಟ್ ಬೇಕೇ ಬೇಕು. ಆದರೆ ಅದು ಕೊನೆಯ ರಕ್ಷಣೆ. ಯುರೋಪಿನ ಮಾನದಂಡದ ಪ್ರಕಾರ ಹೆಲ್ಮೆಟ್ ಪರೀಕ್ಷಿಸುವಾಗ ಅದರ ಮೇಲೆ 5 ಕೆ.ಜಿ. ತೂಕವನ್ನು 1 ಮೀಟರ್ ಎತ್ತರದಿಂದ ಬೀಳಿಸುತ್ತಾರೆ. ಆ ಪೆಟ್ಟಿನ ಶಕ್ತಿ ಸುಮಾರು 49 ಜೂಲ್. 3 ಕೆ.ಜಿ.ಯ ಒಂದು ಇಟ್ಟಿಗೆ 10 ಮೀಟರ್ ಮೇಲಿಂದ ಬಿದ್ದರೆ ಅದರ ಶಕ್ತಿ ಸುಮಾರು 294 ಜೂಲ್, ಅಂದರೆ ಪರೀಕ್ಷೆಯ ಆರು ಪಟ್ಟು. ಹೀಗಾಗಿ ಇಟ್ಟಿಗೆ ಬೀಳದಂತೆ ತಡೆಯುವುದೇ ಮೊದಲ ಕೆಲಸ. ಹಲಗೆಯ ಅಂಚಿಗೆ ಒಂದು ಅಡ್ಡಪಟ್ಟಿ, ಹೊರಗೆ ಬಲೆ, ಕೆಳಗೆ ಓಡಾಡದಂತೆ ಬೇಲಿ ಬೇಕು.

ಅಪಾಯ ತಡೆಯುವ ಕ್ರಮಗಳಿಗೆ ಸುರಕ್ಷತಾ ತಜ್ಞರು ಒಂದು ಏಣಿಯನ್ನು ಹಾಕಿಕೊಂಡಿದ್ದಾರೆ. ಮೇಲಿನ ಮೆಟ್ಟಿಲು ಹೆಚ್ಚು ಪರಿಣಾಮಕಾರಿ:

1. ಅಪಾಯವನ್ನೇ ಇಲ್ಲವಾಗಿಸುವುದು (ಮೇಲೆ ಮಾಡುವ ಕೆಲಸವನ್ನು ನೆಲದ ಮೇಲೆ ಮಾಡಿ ಎತ್ತಿ ಕೂರಿಸುವುದು)
2. ಕಡಿಮೆ ಅಪಾಯದ ವಸ್ತು ಅಥವಾ ವಿಧಾನ ಬಳಸುವುದು
3. ಅಪಾಯಕ್ಕೂ ಮನುಷ್ಯನಿಗೂ ನಡುವೆ ತಡೆ ಹಾಕುವುದು (ತಡೆಗಂಬಿ, ಬಲೆ, ಮುಚ್ಚಿದ ಲಿಫ್ಟ್ ಗುಂಡಿ)
4. ನಿಯಮ, ತರಬೇತಿ, ಫಲಕ, ಪಾಳಿ ಬದಲಾವಣೆ
5. ಮೈಮೇಲಿನ ಸಾಧನ (ಹೆಲ್ಮೆಟ್, ಬೂಟು, ಕೈಗವಸು, ಬೆಲ್ಟ್)

ನಮ್ಮ ಬಹಳಷ್ಟು ಸೈಟುಗಳು ಐದನೆಯದರಿಂದ ಶುರು ಮಾಡಿ ಅಲ್ಲೇ ನಿಲ್ಲುತ್ತವೆ.

ನಂಬಿಕೆ 3: "ಸೇಫ್ಟಿ ಬೆಲ್ಟ್ ಹಾಕಿದವರಿಗೆ ಭಯವಿಲ್ಲ"

ವಾಸ್ತವ: ಅರ್ಧ ಸತ್ಯ. ಸೊಂಟಕ್ಕೆ ಮಾತ್ರ ಕಟ್ಟುವ ಬೆಲ್ಟ್ ಬೀಳುವವರನ್ನು ಹಿಡಿದಾಗ ಪೂರ್ತಿ ಪೆಟ್ಟು ಹೊಟ್ಟೆ ಮತ್ತು ಬೆನ್ನುಮೂಳೆಗೆ ಬೀಳುತ್ತದೆ. ಹೀಗಾಗಿ ಭುಜ, ಎದೆ, ತೊಡೆ ಎಲ್ಲವನ್ನೂ ಬಳಸುವ ಪೂರ್ಣ ದೇಹದ ಹಾರ್ನೆಸ್ ಬೇಕು.

ಇಲ್ಲೊಂದು ಸರಳ ಲೆಕ್ಕವಿದೆ. ಹಾರ್ನೆಸ್‌ನ ಹಗ್ಗ ಸಾಮಾನ್ಯವಾಗಿ 1.8 ಮೀಟರ್. ಪೆಟ್ಟು ತಗ್ಗಿಸುವ ಪಟ್ಟಿ ಬಿಚ್ಚಿಕೊಂಡರೆ ಇನ್ನೂ ಸುಮಾರು 1 ಮೀಟರ್. ಮನುಷ್ಯನ ಎತ್ತರ 1.7 ಮೀಟರ್. ಕೆಳಗೆ ಉಳಿಯಬೇಕಾದ ಜಾಗ 1 ಮೀಟರ್. ಒಟ್ಟು ಸುಮಾರು ಐದೂವರೆ ಮೀಟರ್. ಹಗ್ಗವನ್ನು ಕಾಲ ಬಳಿಯ ಕಂಬಿಗೆ ಸಿಕ್ಕಿಸಿ 3 ಮೀಟರ್ ಎತ್ತರದಲ್ಲಿ ನಿಂತವರನ್ನು ಹಾರ್ನೆಸ್ ಹಿಡಿಯುವ ಮೊದಲೇ ನೆಲ ಹಿಡಿದಿರುತ್ತದೆ! ಹೀಗಾಗಿ ಹಗ್ಗವನ್ನು ತಲೆಗಿಂತ ಮೇಲೆ, ಭಾರ ತಾಳುವ ಜಾಗಕ್ಕೆ ಸಿಕ್ಕಿಸಬೇಕು. ತಗ್ಗಿನ ಎತ್ತರದಲ್ಲಿ ತಡೆಗಂಬಿಯೇ ವಾಸಿ. ಹಾರ್ನೆಸ್‌ನಲ್ಲಿ ನೇತಾಡುತ್ತಿರುವವರನ್ನು ನಿಮಿಷಗಳಲ್ಲಿ ಇಳಿಸುವ ವ್ಯವಸ್ಥೆಯೂ ಮೊದಲೇ ಇರಬೇಕು. ಹೆಚ್ಚು ಹೊತ್ತು ನೇತಾಡಿದರೆ ರಕ್ತ ಕಾಲುಗಳಲ್ಲೇ ನಿಂತು ಜೀವಕ್ಕೆ ಕುತ್ತಾಗಬಹುದು.

ನಂಬಿಕೆ 4: "ದಿನಾ ಬೆಲ್ಲ ತಿಂದರೆ ಶ್ವಾಸಕೋಶದ ಧೂಳೆಲ್ಲ ಹೋಗುತ್ತದೆ"

ವಾಸ್ತವ: ದಾರಿ ತಪ್ಪಿಸುವ ಮಾತು. ಬೆಲ್ಲ ಹೋಗುವುದು ಅನ್ನನಾಳದ ಮೂಲಕ ಹೊಟ್ಟೆಗೆ. ಧೂಳು ಹೋಗುವುದು ಶ್ವಾಸನಾಳದ ಮೂಲಕ ಶ್ವಾಸಕೋಶಕ್ಕೆ. ಎರಡೂ ಬೇರೆ ದಾರಿ.

ಈ ನಂಬಿಕೆಗೆ ವಿಜ್ಞಾನದ ಒಂದು ಎಳೆಯೂ ಇದೆ. ಲಖನೌದ ಕೈಗಾರಿಕಾ ವಿಷವಿಜ್ಞಾನ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 1994ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬೆಲ್ಲ ತಿನ್ನಿಸಿದ ಇಲಿಗಳ ಶ್ವಾಸಕೋಶದಿಂದ ಧೂಳಿನ ಕಣಗಳು ಹೆಚ್ಚು ಸಾಗಿದ್ದನ್ನು ಅವರು ಗಮನಿಸಿದ್ದರು. ಫಾರ್ವರ್ಡ್‌ಗಳು "ವಿಜ್ಞಾನಿಗಳೇ ಹೇಳಿದ್ದಾರೆ" ಎಂದು ಇದನ್ನೇ ಹಿಡಿದುಕೊಂಡಿವೆ. ಆದರೆ ಅದು ಇಲಿಗಳ ಮೇಲಿನ ಪ್ರಯೋಗ. ಬೆಲ್ಲ ತಿಂದ ಕಾರ್ಮಿಕರಿಗೆ ಧೂಳಿನ ರೋಗ ಬರುವುದಿಲ್ಲ ಎಂಬುದಕ್ಕೆ ಅದು ಪುರಾವೆಯಲ್ಲ. "ಬೆಲ್ಲ ಇದೆ, ಮಾಸ್ಕ್ ಬೇಡ" ಎಂಬ ತೀರ್ಮಾನಕ್ಕಂತೂ ಯಾವ ಆಧಾರವೂ ಇಲ್ಲ.

ಗ್ರಾನೈಟ್, ಟೈಲ್ಸ್, ಕಾಂಕ್ರೀಟ್ ಕತ್ತರಿಸುವಾಗ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಶ್ವಾಸಕೋಶದ ಆಳಕ್ಕೆ ಇಳಿಯುವ ಕಣಗಳು ತಲೆಗೂದಲ ದಪ್ಪದ ಹತ್ತರಲ್ಲಿ ಒಂದು ಭಾಗಕ್ಕಿಂತ ಚಿಕ್ಕವು. ಕಣ್ಣಿಗೆ ಕಾಣುವ ಧೂಳು ನೆಲಕ್ಕೆ ಕೂರುತ್ತದೆ, ಕಾಣದ ಧೂಳು ಗಾಳಿಯಲ್ಲೇ ಉಳಿಯುತ್ತದೆ. ಅದು ಒಳಗೆ ಮಾಡುವ ಗಾಯವೇ ಸಿಲಿಕೋಸಿಸ್. ಇದನ್ನು ಗುಣಪಡಿಸುವ ಔಷಧಿ ಇಲ್ಲ. ಇದು ಇರುವವರಿಗೆ ಕ್ಷಯ ರೋಗದ ಅಪಾಯವೂ ಹೆಚ್ಚು. ಸಿಲಿಕಾ ಧೂಳು ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಹೇಳಿದೆ.

ಮುಖಕ್ಕೆ ಸುತ್ತಿದ ಟವೆಲ್ ಈ ಸಣ್ಣ ಕಣಗಳನ್ನು ತಡೆಯುವುದಿಲ್ಲ. ಕೆಲಸಕ್ಕೆ ಬರುವುದು ನೀರು ಹಾಕುತ್ತಾ ಕತ್ತರಿಸುವುದು, ಧೂಳು ಹೀರುವ ಯಂತ್ರ, ಇವುಗಳ ಜೊತೆಗೆ ಮುಖಕ್ಕೆ ಸರಿಯಾಗಿ ಕೂರುವ ಎನ್95 ಅಥವಾ ಅದಕ್ಕಿಂತ ಉತ್ತಮ ಮಾಸ್ಕ್. ಬೆಲ್ಲ ತಿನ್ನಬೇಡಿ ಎಂದು ಹೇಳುತ್ತಿಲ್ಲ. ಮಾಸ್ಕ್ ಬದಲಿಗೆ ಬೆಲ್ಲ ಬೇಡ, ಅಷ್ಟೇ.

ನಂಬಿಕೆ 5: "ಸಿಮೆಂಟ್ ಕೈ ಕಚ್ಚುವುದು ಮಾಮೂಲಿ, ಕೊಬ್ಬರಿ ಎಣ್ಣೆ ಸವರಿದರೆ ಸಾಕು"

ವಾಸ್ತವ: ಸುಳ್ಳು. ನೀರು ಬೆರೆಸಿದ ಸಿಮೆಂಟ್ ಪ್ರಬಲ ಕ್ಷಾರ. ಅದರ ಪಿಎಚ್ 12ರಿಂದ 13ರಷ್ಟು. ಬೆಂಕಿಯಂತೆ ಇದು ತಕ್ಷಣ ಸುಡುವುದಿಲ್ಲ. ಬೂಟಿನೊಳಗೆ ಸೇರಿದ ಕಾಂಕ್ರೀಟ್ ಗಂಟೆಗಟ್ಟಲೆ ನಿಧಾನವಾಗಿ ಚರ್ಮ ತಿನ್ನುತ್ತದೆ. ನೋವು ಶುರುವಾಗುವ ಹೊತ್ತಿಗೆ ಗಾಯ ಆಳವಾಗಿರುತ್ತದೆ. ಮೋಲ್ಡ್ ಹಾಕುವ ದಿನ ರಬ್ಬರ್ ಬೂಟು, ಕೈಗವಸು ಬೇಕು. ಮೈಗೆ ತಾಗಿದರೆ ಬಟ್ಟೆ, ಬೂಟು ಬಿಚ್ಚಿ ಹರಿಯುವ ನೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆಯಬೇಕು. ಕಣ್ಣಿಗೆ ಬಿದ್ದರೆ ತೊಳೆಯುತ್ತಲೇ ಆಸ್ಪತ್ರೆಗೆ ಹೋಗಬೇಕು. ಎಣ್ಣೆ ಸವರಿದರೆ ಕ್ಷಾರ ಅಲ್ಲೇ ಉಳಿಯುತ್ತದೆ.

ನಂಬಿಕೆ 6: "ಸುರಕ್ಷತೆ ಸೈಟಿನವರ ಕೆಲಸ, ಡ್ರಾಯಿಂಗ್ ಮಾಡುವವರಿಗೇನು ಸಂಬಂಧ?"

ವಾಸ್ತವ: ಸಂಪೂರ್ಣ ತಪ್ಪು. ವಿನ್ಯಾಸ ಮತ್ತು ನಿರ್ಮಾಣ ಎರಡನ್ನೂ ಮಾಡುವ ಕಂಪನಿಗಳು ತಿಳಿಯಲೇಬೇಕಾದ ಸಂಗತಿ ಇದು.

ಬಹಳಷ್ಟು ಅಪಾಯಗಳು ಗುದ್ದಲಿ ಪೂಜೆಗೂ ಮೊದಲು, ನಕ್ಷೆಯ ಮೇಲೆಯೇ ಹುಟ್ಟುತ್ತವೆ. ಎಸಿಯ ಹೊರಗಿನ ಪೆಟ್ಟಿಗೆಯನ್ನು ಎಂಟನೇ ಮಹಡಿಯ ಹೊರಗೋಡೆಗೆ ನೇತುಹಾಕಬೇಕೆಂದು ನಕ್ಷೆಯಲ್ಲಿದ್ದರೆ, ಮುಂದಿನ ಮೂವತ್ತು ವರ್ಷ ಪ್ರತಿ ರಿಪೇರಿಗೂ ಯಾರೋ ಒಬ್ಬರು ಪ್ರಾಣ ಒತ್ತೆ ಇಡಬೇಕು. ಅದನ್ನು ಬಾಲ್ಕನಿಯ ಒಳಗೆ ಇಟ್ಟರೆ ಆ ಅಪಾಯವೇ ಇಲ್ಲ. ತಾರಸಿಯ ಮೋಟುಗೋಡೆಯನ್ನು ಎದೆಮಟ್ಟಕ್ಕೆ ಏರಿಸುವುದು, ಹಾರ್ನೆಸ್ ಸಿಕ್ಕಿಸಲು ಕೊಂಡಿಗಳನ್ನು ಕಾಂಕ್ರೀಟಿನಲ್ಲೇ ಕೂರಿಸುವುದು, ಮೆಟ್ಟಿಲನ್ನು ಮೊದಲೇ ಕಟ್ಟಿ ಏಣಿ ಹತ್ತುವುದನ್ನು ತಪ್ಪಿಸುವುದು ಇವೆಲ್ಲ ನಕ್ಷೆಯ ಹಂತದಲ್ಲಿ ಸುಲಭ ಮತ್ತು ಅಗ್ಗ. ಆಮೇಲೆ ಮಾಡಲು ಹೊರಟರೆ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಕಟ್ಟಡಕ್ಕೆ ಮಾತ್ರವಲ್ಲ, ಕಟ್ಟುವಾಗ ತಾತ್ಕಾಲಿಕವಾಗಿ ನಿಲ್ಲಿಸುವ ಪ್ರತಿಯೊಂದಕ್ಕೂ ಲೆಕ್ಕ ಬೇಕು. ಸಾರುವೆ, ಅಂದರೆ ಸ್ಕ್ಯಾಫೋಲ್ಡಿಂಗ್, ಸೆಂಟ್ರಿಂಗ್ ಕಂಬಗಳು, ಕಾಂಕ್ರೀಟ್ ತುಂಬುವ ಮುನ್ನ ಎದ್ದು ನಿಂತ ಸರಳುಗಳ ಗೂಡು ಎಲ್ಲವೂ ಇದರಲ್ಲಿ ಬರುತ್ತವೆ. 2023ರ ಜನವರಿ 10ರಂದು ಬೆಂಗಳೂರಿನ ನಾಗವಾರದ ಬಳಿ ಮೆಟ್ರೊ ಕಂಬಕ್ಕಾಗಿ ನಿಲ್ಲಿಸಿದ್ದ ಸರಳುಗಳ ಗೂಡು ರಸ್ತೆಗೆ ಉರುಳಿ, ಬೈಕಿನಲ್ಲಿ ಹೋಗುತ್ತಿದ್ದ ಕುಟುಂಬದ ತಾಯಿ ಮತ್ತು ಪುಟ್ಟ ಮಗ ಸತ್ತರು. ಅವರು ಕಾರ್ಮಿಕರಲ್ಲ, ದಾರಿಹೋಕರು. ಸೈಟಿನ ಸುರಕ್ಷತೆ ಸೈಟಿನೊಳಗಿನವರ ವಿಷಯ ಮಾತ್ರವಲ್ಲ.

ಬ್ರಿಟನ್‌ನಲ್ಲಿ 1994ರ ನಿಯಮಗಳಿಂದಲೇ ವಿನ್ಯಾಸಕಾರರಿಗೂ ಸುರಕ್ಷತೆಯ ಹೊಣೆ ಇದೆ. ಭಾರತದಲ್ಲೂ ಹೀಗೆಯೇ ಇದೆ ಎಂಬುದು ಹಲವರಿಗೆ ಗೊತ್ತಿಲ್ಲ. ಕಟ್ಟಡ ಕಾರ್ಮಿಕರ 1998ರ ಕೇಂದ್ರ ನಿಯಮಗಳು ವಾಸ್ತುಶಿಲ್ಪಿ, ಯೋಜನಾ ಎಂಜಿನಿಯರ್ ಮತ್ತು ವಿನ್ಯಾಸಕಾರರ ಕರ್ತವ್ಯಗಳನ್ನು ಹೇಳಿದ್ದವು. 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದ್ದು, ಯೋಜನೆಯ ಹಂತದಲ್ಲೇ ಕಾರ್ಮಿಕರ ಸುರಕ್ಷತೆಯನ್ನು ಗಮನಿಸಬೇಕು ಎಂದು ಅದೂ ಹೇಳುತ್ತದೆ.

ನಂಬಿಕೆ 7: "ಸೇಫ್ಟಿಗೆ ದುಡ್ಡು ಹಾಕುವುದು ದಂಡ. ಏನಾದರೂ ಆದರೆ ಮೇಸ್ತ್ರಿ ನೋಡಿಕೊಳ್ಳುತ್ತಾನೆ"

ವಾಸ್ತವ: ಎರಡೂ ತಪ್ಪು. ಅಮೆರಿಕದ ಗೋಲ್ಡನ್ ಗೇಟ್ ಸೇತುವೆ 1930ರ ದಶಕದಲ್ಲಿ ಕಟ್ಟಿದ್ದು. "ಹತ್ತು ಲಕ್ಷ ಡಾಲರಿಗೆ ಒಂದು ಸಾವು" ಎಂದು ಆಗಿನ ಗುತ್ತಿಗೆದಾರರು ಲೆಕ್ಕ ಹಾಕುತ್ತಿದ್ದರು. ಈ ಸೇತುವೆಯ ಎಂಜಿನಿಯರ್ ಜೋಸೆಫ್ ಸ್ಟ್ರಾಸ್ ಅದನ್ನು ಒಪ್ಪದೆ ಇಡೀ ಕೆಲಸದ ಕೆಳಗೆ ಬಲೆ ಕಟ್ಟಿಸಿದರು. ಆ ಬಲೆ 19 ಜನರನ್ನು ಉಳಿಸಿತು. ಆದರೆ 1937ರ ಫೆಬ್ರವರಿಯಲ್ಲಿ ಅಟ್ಟಣಿಗೆಯೇ ಕಳಚಿ ಬಲೆ ಹರಿದು ಒಂದೇ ದಿನ 10 ಮಂದಿ ಸತ್ತರು. ಬಲೆ ಎಷ್ಟು ಮುಖ್ಯ ಎಂಬುದನ್ನೂ, ಒಂದೇ ರಕ್ಷಣೆಯನ್ನು ನೆಚ್ಚಿಕೊಳ್ಳಬಾರದು ಎಂಬುದನ್ನೂ ಆ ಸೇತುವೆ ಕಲಿಸುತ್ತದೆ. 2012ರ ಲಂಡನ್ ಒಲಿಂಪಿಕ್ಸ್‌ಗಾಗಿ ನಡೆದ ಬೃಹತ್ ನಿರ್ಮಾಣದಲ್ಲಿ ಒಂದು ಸಾವೂ ಆಗಲಿಲ್ಲ. ಕಟ್ಟಡ ಕಟ್ಟಲು ಬಲಿ ಬೇಕಿಲ್ಲ.

ಇನ್ನು ಹೊಣೆಯ ಮಾತು. ಕಂಪನಿ ತನ್ನ ಕೆಲಸವನ್ನು ಉಪಗುತ್ತಿಗೆಗೆ ಕೊಟ್ಟ ಮಾತ್ರಕ್ಕೆ ಪರಿಹಾರದ ಹೊಣೆ ಕಳಚಿಕೊಳ್ಳುವುದಿಲ್ಲ. 1923ರ ಕಾರ್ಮಿಕ ಪರಿಹಾರ ಕಾಯ್ದೆಯಿಂದ ಬಂದ ಈ ತತ್ವ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಮುಂದುವರಿದಿದೆ. ಸುರಕ್ಷತೆಗಾಗಿ ಒದಗಿಸಿದ ಯಾವುದಕ್ಕೂ ಕಾರ್ಮಿಕರಿಂದ ಹಣ ಪಡೆಯುವಂತಿಲ್ಲ. ಕೂಲಿಯಲ್ಲಿ ಹೆಲ್ಮೆಟ್ ದುಡ್ಡು ಮುರಿದುಕೊಳ್ಳುವುದು ತಪ್ಪು.

ನೀವು ಏನು ಮಾಡಬಹುದು?

ಕಂಪನಿಯವರಾದರೆ: ಪ್ರತಿ ನಕ್ಷೆಗೆ ಒಪ್ಪಿಗೆ ಕೊಡುವ ಮುನ್ನ "ಇದನ್ನು ಕಟ್ಟುವವರು, ಆಮೇಲೆ ಶುಚಿ ಮಾಡುವವರು ಎಲ್ಲಿ ನಿಲ್ಲುತ್ತಾರೆ?" ಎಂದು ಕೇಳಿ. ಬೆಳಿಗ್ಗೆ ಕೆಲಸ ಶುರುವಾಗುವ ಮುನ್ನ ಹತ್ತು ನಿಮಿಷ ಅಂದಿನ ಅಪಾಯಗಳ ಬಗ್ಗೆ ಕಾರ್ಮಿಕರ ಭಾಷೆಯಲ್ಲೇ ಮಾತಾಡಿ. ರಾಯಚೂರಿನವರು, ಯಾದಗಿರಿಯವರು, ಬಿಹಾರದವರು, ಒಡಿಶಾದವರು ಒಟ್ಟಿಗಿರುವ ಸೈಟಿನಲ್ಲಿ ಇಂಗ್ಲಿಷ್ ಫಲಕ ಯಾರಿಗೂ ಉಪಯೋಗವಿಲ್ಲ. "ಸ್ವಲ್ಪದರಲ್ಲಿ ತಪ್ಪಿತು" ಎಂಬ ಪ್ರತಿ ಘಟನೆಯನ್ನೂ ಬರೆದಿಡಿ, ಅದನ್ನು ಹೇಳಿದವರನ್ನು ಬೈಯಬೇಡಿ. "ಇಲ್ಲಿಯವರೆಗೆ ಏನೂ ಆಗಿಲ್ಲ" ಎಂಬುದು ಸುರಕ್ಷತೆಗೆ ಪುರಾವೆಯಲ್ಲ.

ಮನೆ ಕಟ್ಟಿಸುವವರಾದರೆ: ಒಂದೂವರೆ ಮೀಟರಿಗಿಂತ ಆಳದ ಪಾಯಕ್ಕೆ ಪಕ್ಕದ ಮಣ್ಣು ಕುಸಿಯದಂತೆ ಆಸರೆ ಕೊಡಿಸಿ. ಒಂದು ಘನ ಮೀಟರ್ ಮಣ್ಣಿನ ತೂಕ ಒಂದೂವರೆ ಟನ್‌ಗೂ ಹೆಚ್ಚು. ತಾತ್ಕಾಲಿಕ ವಿದ್ಯುತ್ ಸಂಪರ್ಕಕ್ಕೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ಲಿಫ್ಟ್ ಗುಂಡಿ, ಸಂಪು ಮುಚ್ಚಿಸಿ. ಸೈಟಿನಲ್ಲಿ ಕಾರ್ಮಿಕರ ಮಕ್ಕಳೂ ಆಡುತ್ತಿರುತ್ತಾರೆ.

ಕಾರ್ಮಿಕರಾದರೆ: 18ರಿಂದ 60 ವರ್ಷದೊಳಗಿದ್ದು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿ. ಜೀವಕ್ಕೆ ತಕ್ಷಣದ ಅಪಾಯ ಕಂಡರೆ ಮಾಲೀಕರ ಗಮನಕ್ಕೆ ತರುವುದು ನಿಮ್ಮ ಹಕ್ಕು. ಕೂಡಲೇ ಸರಿಪಡಿಸುವುದು ಅವರ ಕರ್ತವ್ಯ. ಯಾರಾದರೂ ಎತ್ತರದಿಂದ ಬಿದ್ದರೆ ಎಳೆದಾಡಬೇಡಿ, ನೀರು ಕುಡಿಸಬೇಡಿ. ಕುತ್ತಿಗೆ ಅಲುಗದಂತೆ ನೋಡಿಕೊಂಡು 108ಕ್ಕೆ ಕರೆ ಮಾಡಿ.

ಕೊನೆಯ ಮಾತು

ದೃಷ್ಟಿ ಗೊಂಬೆ ಇರಲಿ, ಅದರ ಪಕ್ಕದಲ್ಲೇ ತಡೆಗಂಬಿಯೂ ಇರಲಿ. ಬೆಲ್ಲದ ಫಾರ್ವರ್ಡ್ ಮತ್ತೊಮ್ಮೆ ನಿಮ್ಮ ಗುಂಪಿಗೆ ಬಂದರೆ ಅದನ್ನು ಮುಂದೆ ಕಳಿಸಬೇಡಿ. ಬದಲಿಗೆ ನಿಮಗೆ ಗೊತ್ತಿರುವ ಒಬ್ಬ ಗಾರೆ ಕೆಲಸದವರಿಗೆ, ಟೈಲ್ಸ್ ಕೂರಿಸುವವರಿಗೆ ಅಥವಾ ಮನೆ ಕಟ್ಟಿಸುತ್ತಿರುವ ನೆಂಟರಿಗೆ ಈ ಲೇಖನ ಕಳಿಸಿ. ಓದಲು ಬಾರದವರಿದ್ದರೆ ಓದಿ ಹೇಳಿ.