ಗುರಿ ನಿಲ್ಲದ ದುರ್ಬೀನು

ಬಂದೂಕಿನ ಮೇಲೆ ದುರ್ಬೀನನ್ನು ಕೂರಿಸಿದರೆ ಗುರಿ ತಪ್ಪುವುದಿಲ್ಲವೆಂಬ ನಂಬಿಕೆ ನಮ್ಮಲ್ಲಿ ಅನೇಕರಿಗೆ ಉಂಟು. 1914ರಲ್ಲಿ ಯೂರೋಪಿನ ಮಹಾಯುದ್ಧವು ಮೊದಲಾದಾಗ ಬ್ರಿಟಿಷ್ ಸೇನೆಯಲ್ಲಿಯೂ ಈ ನಂಬಿಕೆಯವರು ಕಡಮೆಯಾಗಿರಲಿಲ್ಲ. ಅದಕ್ಕಾಗಿ ಅವರು ತೆತ್ತ ಬೆಲೆ ಅಲ್ಪವಾದುದಲ್ಲ.

ದುರ್ಬೀನು ದೂರದ ವಸ್ತುವನ್ನು ಹತ್ತಿರಕ್ಕೆ ತಂದು ತೋರಿಸುತ್ತದೆ, ಅಷ್ಟೆ. ಗುಂಡು ಹೋಗುವುದು ನಳಿಗೆ ತೋರಿದ ದಾರಿಯಲ್ಲಿ. ಕಣ್ಣಿನ ಗೆರೆಯೂ ಗುಂಡಿನ ದಾರಿಯೂ ಗೊತ್ತಾದ ಒಂದು ದೂರದಲ್ಲಿ ಸಂಧಿಸುವಂತೆ ಹೊಂದಿಸುವುದನ್ನು ಸಿಪಾಯಿಗಳು ‘ಜೀರೊ’ ಮಾಡುವುದೆನ್ನುತ್ತಾರೆ. ಇಂದು ಹೊಂದಿಸಿದುದು ನಾಳೆಯೂ ಹಾಗೆಯೇ ನಿಲ್ಲಬೇಕು, ತೊಡಕಿರುವುದು ಇಲ್ಲಿಯೇ. ಶ್ರೋತೃಗಳು ಒಂದು ಸಣ್ಣ ಲೆಕ್ಕವನ್ನು ಮನ್ನಿಸಬೇಕು. ದುರ್ಬೀನನ್ನು ಹಿಡಿದಿರುವ ಎರಡು ಬಳೆಗಳ ನಡುವೆ 4 ಅಂಗುಲದ ಅಂತರವಿದೆಯೆನ್ನೋಣ. ಅವುಗಳಲ್ಲೊಂದು ಅಂಗುಲದ ಸಾವಿರ ಪಾಲಿನಲ್ಲಿ 3 ಪಾಲು, ಎಂದರೆ ಹೆಚ್ಚು ಕಡಮೆ ಒಂದು ತಲೆಗೂದಲಿನಷ್ಟು, ಕದಲಿತು. 100 ಗಜದಲ್ಲಿ ಗುರಿಯು ಸುಮಾರು 2.7 ಅಂಗುಲ ತಪ್ಪುತ್ತದೆ; 400 ಗಜದಲ್ಲಿ ಸುಮಾರು 11 ಅಂಗುಲ. ಕಂದಕದ ಅಂಚಿನಲ್ಲಿ ಕ್ಷಣಮಾತ್ರ ಕಾಣಿಸುವ ತಲೆಗೆ ಅಷ್ಟು ಅಗಲವೆಲ್ಲಿಯದು? ಗುಂಡು ವ್ಯರ್ಥವಾಗುವುದಷ್ಟೇ ಅಲ್ಲ, ಹೊಡೆದವನು ಅಡಗಿರುವ ಸ್ಥಳವೂ ಎದುರಾಳಿಗೆ ತಿಳಿದುಹೋಗುತ್ತದೆ. ಎದುರಾಳಿಯ ದುರ್ಬೀನು ಕದಲದೆ ಇದ್ದರೆ ಮುಂದಿನದನ್ನು ಹೇಳಬೇಕಾಗಿಲ್ಲ.

ಅಮೆರಿಕದ ಕ್ಲೀವ್‌ಲೆಂಡ್ ನಗರದ ವಾರ್ನರ್ ಅಂಡ್ ಸ್ವೇಜಿ ಎಂಬ ಕಾರ್ಖಾನೆಯವರು ಲಿಕ್ ವೀಕ್ಷಣಾಲಯದ 36 ಅಂಗುಲದ ಮಹಾ ದೂರದರ್ಶಕಕ್ಕೂ ಯರ್ಕಿಸ್ ವೀಕ್ಷಣಾಲಯದ 40 ಅಂಗುಲದ ದೂರದರ್ಶಕಕ್ಕೂ ಪೀಠವನ್ನು ಕಟ್ಟಿದವರು. ನಕ್ಷತ್ರವನ್ನು ಹಿಂಬಾಲಿಸುತ್ತ ಟನ್ನುಗಟ್ಟಲೆ ಭಾರವನ್ನು ಅಲುಗದಂತೆ ಹೊತ್ತ ಪೀಠಗಳು ಅವು. ಅದೇ ಕಾರ್ಖಾನೆಯು 1908ರಲ್ಲಿಯೂ 1913ರಲ್ಲಿಯೂ ಅಮೆರಿಕದ ಸೇನೆಗೆ ಒದಗಿಸಿದ ಬಂದೂಕಿನ ದುರ್ಬೀನು ಮಾತ್ರ ತನ್ನ ಪೀಠದಲ್ಲಿ ಸಡಿಲವಾಗಿ ಆಡುತ್ತಿತ್ತು! ಒಂದೊಂದು ಗುಂಡಿನ ಒದೆತಕ್ಕೂ ಅದು ಕೊಂಚ ಜರುಗುವುದು. ಕೆನಡದವರು ಇದನ್ನೇ ತಮ್ಮ ರಾಸ್ ಬಂದೂಕಿಗೆ ಜೋಡಿಸಿ ಫ್ರಾನ್ಸಿಗೆ ತಂದರು. ಅವರ ಸೇನೆಯಲ್ಲಿದ್ದ ಹರ್ಬರ್ಟ್ ಮೆಕ್‌ಬ್ರೈಡ್ ಎಂಬ ಅಮೆರಿಕದವನು ಕ್ಷೌರದ ಬ್ಲೇಡಿನ ಚೂರುಗಳನ್ನು ಸಂದಿಗೆ ಬೆಣೆಯಾಗಿ ಹೊಡೆದು ಅದನ್ನು ಬಿಗಿಮಾಡಿಕೊಂಡನು. ಮಹಾ ಯಂತ್ರಶಿಲ್ಪಿಗಳ ಕೊರತೆಯನ್ನು ತುಂಬಿದುದು ಕಾಸಿನ ಬ್ಲೇಡು.

ಬ್ರಿಟಿಷರ ಕಷ್ಟ ಬೇರೆ ಬಗೆಯದು. ಐದೈದು ತೋಟಾಗಳ ಕಟ್ಟನ್ನು ಮೇಲಿನಿಂದ ಒತ್ತಿ ತುಂಬಲು ಎಡೆಯಿರಬೇಕೆಂದು ದುರ್ಬೀನನ್ನು ನಳಿಗೆಯ ನೇರದಲ್ಲಿಡದೆ ಎಡಪಕ್ಕಕ್ಕೆ ಇಟ್ಟರು. ಉಕ್ಕಿನ ತಡಿಕೆಯ ಕಿರಿದಾದ ಕಿಂಡಿಯಲ್ಲಿ ನಳಿಗೆಯನ್ನು ತೂರಿಸಿದರೆ ದುರ್ಬೀನಿಗೆ ಕಾಣುವುದು ತಡಿಕೆಯೇ! ಹೊಂಚುಗಾರನಿಗೆ ಬೇಕಾದುದು ಒಂದೇ ಗುಂಡು. ಐದನ್ನು ಅವಸರದಿಂದ ತುಂಬುವ ಅನುಕೂಲಕ್ಕಾಗಿ ಆ ಒಂದನ್ನೇ ಕೆಡಿಸಿದುದು ಕಚೇರಿಯ ಮೇಜಿನ ಮೇಲೆ ಹುಟ್ಟಿದ ಬುದ್ಧಿಯೆಂದು ನನಗೆ ತೋರುತ್ತದೆ. ಇದರ ಜೊತೆಗೆ ಕಂದಕದ ತೇವ. ಬಂದೂಕಿನ ಮರವು ನೀರು ಕುಡಿದು ಉಬ್ಬಿ ನಳಿಗೆಯನ್ನು ಒತ್ತಿದರೆ, ದುರ್ಬೀನು ಕದಲದಿದ್ದರೂ ಗುಂಡು ಬೇರೆ ಕಡೆಗೆ ಹೋಗುವುದು.

ಈ ಅವ್ಯವಸ್ಥೆಯನ್ನು ಕಣ್ತೆರೆದು ನೋಡಿದವನು ಹೆಸ್ಕೆತ್ ಪ್ರಿಚರ್ಡ್. ಈತನು ಹುಟ್ಟಿದುದು 1876ರಲ್ಲಿ, ನಮ್ಮ ಝಾನ್ಸಿಯಲ್ಲಿ. ಹ್ಯಾಂಪ್‌ಷೈರ್ ತಂಡದ ವೇಗದ ಬೌಲರು. ಪಾಟಗೋನಿಯ, ಲ್ಯಾಬ್ರಡಾರುಗಳನ್ನು ಸುತ್ತಿದ ಬೇಟೆಗಾರ. 1915ರಲ್ಲಿ ಫ್ರಾನ್ಸಿಗೆ ಹೋದವನು ದಳದಿಂದ ದಳಕ್ಕೆ ತಿರುಗಿ ದುರ್ಬೀನಿನ ಬಂದೂಕುಗಳನ್ನು ಹಾರಿಸಿ ನೋಡಿದನು. ಬಹುಪಾಲಿನವು ಗುರಿ ತಪ್ಪಿದ್ದುವು; ಹಿಡಿದ ಸಿಪಾಯಿಗಳಿಗೆ ಅದರ ಅರಿವೇ ಇರಲಿಲ್ಲ. ಸನಿಕೆ ಗುದ್ದಲಿಗಳಂತೆ ಅವುಗಳನ್ನೂ ಒಂದು ದಳವು ಮತ್ತೊಂದಕ್ಕೆ ಒಪ್ಪಿಸಿ ಹೋಗುತ್ತಿದ್ದಿತು. ನಿನ್ನೆ ಒಬ್ಬನು ತನಗೆ ಹೊಂದಿಸಿದುದನ್ನು ಇಂದು ಇನ್ನೊಬ್ಬನು ತಿರುಗಿಸುವನು. ನಾಳೆಯವನು ಅದನ್ನು ಸರಿಯೆಂದು ನಂಬುವನು. ತಿರುಪುಮೊಳೆಯನ್ನು ಎಷ್ಟು ಬಿಗಿದರೇನು?

1916ರಲ್ಲಿ ಲಿಂಗೆಮ್ ಎಂಬ ಹಳ್ಳಿಯಲ್ಲಿ ಅವನು ಹೊಂಚುಗಾರರ ಶಾಲೆಯೊಂದನ್ನು ತೆರೆದನು. ಕೊಲ್ಲುವ ವಿದ್ಯೆಗೆ ಪಾಠಶಾಲೆಯೇ ಎಂದು ಶ್ರೋತೃಗಳಲ್ಲಿ ಕೆಲವರಿಗೆ ಅನ್ನಿಸಬಹುದು. ನನಗೂ ಅನ್ನಿಸದೆ ಇಲ್ಲ. ಆದರೆ ಎದುರಿನ ಹೊಂಚುಗಾರನ ಗುಂಡಿಗೆ ತನ್ನ ಕಡೆಯವರು ದಿನವೂ ಉರುಳುತ್ತಿದ್ದುದನ್ನು ಕಂಡವನು ಅವನು. ಯುದ್ಧ ಮುಗಿದ ನಾಲ್ಕೇ ವರ್ಷಕ್ಕೆ, 1922ರಲ್ಲಿ, ತೀರಿಕೊಂಡನು.

ಅವನು ಕಂಡ ದೋಷಕ್ಕೆ ಕಾರ್ಖಾನೆಯಲ್ಲಿಯೇ ಮದ್ದು ದೊರೆತುದು ಎರಡನೆಯ ಮಹಾಯುದ್ಧದಲ್ಲಿ. 1942ರಿಂದ ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಎಂಬ ಬೇಟೆಬಂದೂಕಿನ ಕಮ್ಮಾರರು, ಒಳ್ಳೆಯ ಗುರಿಯ ಲೀ-ಎನ್‌ಫೀಲ್ಡ್ ಬಂದೂಕುಗಳನ್ನು ಆರಿಸಿ, ಒಂದೊಂದಕ್ಕೂ ಅದರದೇ ದುರ್ಬೀನನ್ನು ನಳಿಗೆಯ ನೇರಕ್ಕೆ ಹೊಂದಿಸಿ ಕೂರಿಸಿದರು. ಹೀಗೆ ಸಿದ್ಧವಾದುವು 20,000ಕ್ಕೂ ಮೇಲೆ. ಬಂದೂಕಿನ ಸಂಖ್ಯೆಯನ್ನು ದುರ್ಬೀನಿನ ಹಿಡಿಕೆಯ ಮೇಲೂ ದುರ್ಬೀನಿನ ಸಂಖ್ಯೆಯನ್ನು ಬಂದೂಕಿನ ಮರದ ಮೇಲೂ ಒತ್ತಿದರು. ಒಂದರ ದುರ್ಬೀನು ಮತ್ತೊಂದಕ್ಕೆ ಸೇರುವಂತಿಲ್ಲ. ಹಳೆಯ ಆಯುಧಗಳ ಸಂಗ್ರಾಹಕರು ಇಂದಿಗೂ ಅಂತಹ ಬಂದೂಕನ್ನು ಕೈಗೆತ್ತಿಕೊಂಡರೆ, ಮೊದಲು ತಿರುವಿ ನೋಡುವುದು ಈ ಸಂಖ್ಯೆಗಳು ಒಂದಕ್ಕೊಂದು ಹೊಂದುತ್ತವೆಯೆ ಎಂಬುದನ್ನು.