ಚಿಗರೆ ಬೇಟೆ ಮತ್ತು ಬಂದೂಕಿನ ದುರ್ಬೀನು: ಬಳ್ಳಾರಿಯ ಪಡುವಣ ತಾಲೂಕುಗಳ ಚರಿತ್ರೆ

ತುಂಗಭದ್ರೆಯ ಬಲದಂಡೆಗೆ ಹಬ್ಬಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲೂಕುಗಳು ಚಿಗರೆಯ ಸೀಮೆ. ಹೊಳೆಯ ಕಡೆಗೆ ಎರೆ ಹೊಲ, ಒಳನಾಡಿಗೆ ಮಸಾರಿ ನೆಲ, ಕೂಡ್ಲಿಗಿಯ ಮೂಡಲಿಗೆ ಗುಡೇಕೋಟೆಯ ಬಂಡೆಗುಡ್ಡಗಳು. ನಡುವೆ ಮರವಿಲ್ಲದ ಬಯಲು, ಕುರುಚಲು, ಹುಲ್ಲುಗಾವಲು. 1953ರ ಅಕ್ಟೋಬರ್ 1ರವರೆಗೆ ಇವು ಮದರಾಸು ಪ್ರಾಂತಕ್ಕೆ ಸೇರಿದ್ದವು. ಆಮೇಲೆ ಮೈಸೂರು ರಾಜ್ಯದ ಬಳ್ಳಾರಿ ಜಿಲ್ಲೆಗೆ ಸೇರಿದವು, 2021ರಿಂದ ವಿಜಯನಗರ ಜಿಲ್ಲೆಯಲ್ಲಿವೆ. ಹರಪನಹಳ್ಳಿ ಮಾತ್ರ 1997ರಿಂದ 2018ರವರೆಗೆ ದಾವಣಗೆರೆಯ ಪಾಲಾಗಿತ್ತು. ಈ ಬಯಲಿನಲ್ಲಿ ಬೇಟೆಗಾರನಿಗೂ ಚಿಗರೆಗೂ ನಡುವಿನ ದೂರ ಸಾವಿರ ವರ್ಷಗಳಲ್ಲಿ ಹೇಗೆ ಬದಲಾಯಿತು, ಬಂದೂಕಿನ ಮೇಲೆ ಕೂಡಿಸುವ ದುರ್ಬೀನು ಅದನ್ನು ಎಲ್ಲಿಗೆ ಮುಟ್ಟಿಸಿತು ಎಂಬುದು ಈ ಲೇಖನದ ವಿಷಯ.

ಪ್ರಾಣಿ ಮತ್ತು ನೆಲ

ಜನ ಜಿಂಕೆ ಎಂದು ಕರೆಯುವ ಚಿಗರೆ ಅಥವಾ ಕೃಷ್ಣಮೃಗ, ಪ್ರಾಣಿಶಾಸ್ತ್ರದ ಲೆಕ್ಕದಲ್ಲಿ ಜಿಂಕೆಯ ಕುಲಕ್ಕೆ ಸೇರಿದ್ದಲ್ಲ. ಜಿಂಕೆಯ ಕೋಡು ಕವಲೊಡೆದು ವರ್ಷವರ್ಷ ಉದುರುತ್ತದೆ. ಚಿಗರೆಯ ತಿರುಚು ಕೋಡು ಜೀವಮಾನವಿಡೀ ನಿಲ್ಲುತ್ತದೆ, ಅದೂ ಸಾಮಾನ್ಯವಾಗಿ ಗಂಡಿಗೆ ಮಾತ್ರ. ಬೆಳೆದ ಗಂಡು 35ರಿಂದ 45 ಕಿಲೋ ತೂಗುತ್ತದೆ. ಓಟದ ವೇಗ ಗಂಟೆಗೆ 80 ಕಿಲೋಮೀಟರ್ ಮುಟ್ಟುತ್ತದೆ. ಕಾಡಿನ ಚುಕ್ಕೆ ಜಿಂಕೆ ಪೊದೆಯ ಮರೆಯಲ್ಲಿ ಬದುಕಿದರೆ, ಚಿಗರೆ ಮರೆಯೇ ಇಲ್ಲದ ಬಯಲನ್ನು ಹುಡುಕಿಕೊಂಡು ನಿಲ್ಲುತ್ತದೆ. ತಲೆಯ ಎರಡು ಪಕ್ಕಕ್ಕಿರುವ ದೊಡ್ಡ ಕಣ್ಣುಗಳಿಂದ ಸುತ್ತಲ ಬಯಲನ್ನೆಲ್ಲ ಕಾಯುತ್ತದೆ. ಹಿಂಡಿನಲ್ಲಿ ಒಂದು ಬೆದರಿ ಚಿಮ್ಮಿದರೆ ಎಲ್ಲವೂ ಚಿಮ್ಮುತ್ತವೆ. ದೂರವೇ ಅದರ ಕೋಟೆ. ಇಲ್ಲಿನ ಬೇಟೆಯ ಚರಿತ್ರೆಯೆಂದರೆ ಆ ಕೋಟೆಯನ್ನು ಒಡೆದ ಚರಿತ್ರೆ.

ಬಿಲ್ಲು, ಬಲೆ, ಸಿವಂಗಿ

ಹೊಳೆಯಾಚೆಯ ಹಿರೇಬೆಣಕಲ್ಲಿನ ಬಂಡೆಗಳ ಮೇಲೆ ಇತಿಹಾಸಪೂರ್ವ ಕಾಲದ ಜನ ಬೇಟೆಯನ್ನೂ ಜಿಂಕೆಗಳನ್ನೂ ಕೆಂಪು ಬಣ್ಣದಲ್ಲಿ ಬರೆದಿದ್ದಾರೆ. ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಬೇಟೆಗೇ ಮೀಸಲಾದ ಭಾಗವಿದೆ. ಪಳಗಿಸಿದ ಜಿಂಕೆಯನ್ನು ಮುಂದೆ ಬಿಟ್ಟು ಕಾಡು ಜಿಂಕೆಯನ್ನು ಸೆಳೆಯುವುದನ್ನೂ ಸಿವಂಗಿಯನ್ನು, ಅಂದರೆ ಚೀತಾವನ್ನು, ಛೂ ಬಿಡುವುದನ್ನೂ ಅದು ಹೇಳುತ್ತದೆ. ಸಿವಂಗಿಯಿಂದ ಬೇಟೆಯಾಡಿಸುವ ಪದ್ಧತಿಯ ಬಗ್ಗೆ ಭಾರತದಲ್ಲಿ ದೊರೆತ ಹಳೆಯ ಉಲ್ಲೇಖಗಳಲ್ಲಿ ಇದೊಂದು. ಪಳಗಿದ ಗಂಡು ಚಿಗರೆಯ ಕೋಡಿಗೆ ಉರುಲು ಕಟ್ಟಿ ಬಿಟ್ಟರೆ, ಅದರ ಮೇಲೆ ಕಾದಾಟಕ್ಕೆ ಬರುವ ಕಾಡು ಗಂಡು ಸಿಕ್ಕಿಬೀಳುತ್ತದೆ. ಅಕ್ಬರನ ಕಾಲದ 'ಐನ್-ಇ-ಅಕ್ಬರಿ' ಕೂಡ ಈ ಉಪಾಯವನ್ನು ದಾಖಲಿಸಿದೆ. ಈ ಎಲ್ಲ ವಿಧಾನಗಳಿಗೂ ಕಾರಣ ಒಂದೇ: ನಡೆದು ಹೋಗಿ ಚಿಗರೆಯನ್ನು ಮುಟ್ಟಲಾಗದು, ಆದ್ದರಿಂದ ಅದೇ ಹತ್ತಿರ ಬರುವಂತೆ ಮಾಡಬೇಕು.

ಹಂಪೆಯ ಮಹಾನವಮಿ ದಿಬ್ಬದ ಉಬ್ಬುಚಿತ್ರಗಳಲ್ಲಿ ಜಿಂಕೆಗಳ ಹಿಂದೆ ಬಿದ್ದ ಬೇಟೆಗಾರರ ಸಾಲುಗಳಿವೆ. ವಿಜಯನಗರದ ಅರಸರು ಉಣ್ಣುತ್ತಿದ್ದ ಮಾಂಸಗಳಲ್ಲಿ ಜಿಂಕೆಯದನ್ನೂ ಪೋರ್ಚುಗೀಸ್ ಬರಹಗಾರ ನೂನಿಜ್ ಹೆಸರಿಸುತ್ತಾನೆ. ಅದಕ್ಕೂ ಹಿಂದೆ ಹಂಪೆಯ ಕವಿ ರಾಘವಾಂಕ ತನ್ನ 'ಹರಿಶ್ಚಂದ್ರ ಕಾವ್ಯ'ದಲ್ಲಿ ದೊರೆಯನ್ನು ಬೇಟೆಗೆ ಹೊರಡಿಸುವುದು ಬೆಳೆ ಹಾಳುಮಾಡುವ ಮೃಗಗಳ ಕಾಟವನ್ನು ಪ್ರಜೆಗಳು ದೂರಿದ ಮೇಲೆ. ಬೆಳೆಗೂ ಬೇಟೆಗೂ ಈ ನಾಡಿನಲ್ಲಿ ಎಷ್ಟು ಹಳೆಯ ನಂಟಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಬೇಟೆಯನ್ನು ಬಾಳಿನ ಭಾಗವಾಗಿಸಿಕೊಂಡವರು ಬೇಡ ಅಥವಾ ನಾಯಕ ಜನ. ಹರಪನಹಳ್ಳಿ, ಜರಿಮಲೆ, ಗುಡೇಕೋಟೆಗಳನ್ನು ಆಳಿದ ಪಾಳೆಯಗಾರರು ಈ ಸಮುದಾಯದವರು. ಕೂಡ್ಲಿಗಿ, ಮೊಳಕಾಲ್ಮೂರು, ಚಳ್ಳಕೆರೆಯ ಕಡೆಯ ಮ್ಯಾಸಬೇಡರು ದನಗಾಹಿಗಳೂ ಹೌದು. ದೇವರ ಎತ್ತುಗಳನ್ನು ಕಾಯುವ ಅವರ ಕಟ್ಟುಪಾಡು ಇಂದಿಗೂ ಉಳಿದಿದೆ. ಯುಗಾದಿಯ ಹೊತ್ತಿಗೆ ಊರ ಗಂಡಸರು ಕೂಡಿ ಮೊಲದ ಬೇಟೆಗೆ ಹೋಗುವ ರೂಢಿ ಬಯಲುಸೀಮೆಯ ಹಲವು ಕಡೆ ಇತ್ತು. ಹಡಗಲಿ ತಾಲೂಕಿನ ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಕಾರ್ಣಿಕ ನುಡಿಯುವುದು ಎತ್ತರದ ಬಿಲ್ಲನ್ನೇರಿ. ಬಿಲ್ಲು ಬೇಟೆಯಿಂದ ಮರೆಯಾದ ಮೇಲೂ ದೇವರ ಸನ್ನಿಧಿಯಲ್ಲಿ ಅದರ ಮಾನ ಕುಂದಲಿಲ್ಲ.

ಜಾಮಗಿ ಕೋವಿಯಿಂದ ರೈಫಲ್‌ಗೆ

ಪಾಳೆಯಗಾರರ ಕಾಲಕ್ಕೆ ಜಾಮಗಿ ಕೋವಿ ಬೇಡ ಪಡೆಗಳ ಕೈಗೆ ಬಂದಿತ್ತು. ಹೈದರಾಲಿ, ಟಿಪ್ಪು ಸೇನೆಗಳಲ್ಲೂ ಈ ಪಡೆಗಳಿದ್ದವು. ಬೇಟೆಗೆ ಮಾತ್ರ ಜಾಮಗಿ ಒಳ್ಳೆಯ ಆಯುಧವಾಗಿರಲಿಲ್ಲ. ಉರಿಯುವ ಬತ್ತಿಯ ಹೊಗೆ ಗಾಳಿಯಲ್ಲಿ ಹರಡುತ್ತದೆ. ಕಿವಿಯ ಮದ್ದಿಗೆ ಕಿಡಿ ತಗುಲಿ ನಳಿಗೆಯ ಮದ್ದು ಸಿಡಿಯುವುದರೊಳಗೆ ಚಿಗರೆ ಜಾಗ ಬಿಟ್ಟಿರುತ್ತದೆ. ನಳಿಗೆಯ ಒಳಮೈ ನುಣುಪಾಗಿದ್ದುದರಿಂದ ಗುಂಡು ಹತ್ತಿರದಲ್ಲಷ್ಟೇ ನಂಬುವಂತಿತ್ತು. ಹೀಗಾಗಿ ಹೊಂಚು, ನೀರಿನ ದಾರಿಯ ಗುಂಡಿ, ಎತ್ತಿನ ಮರೆ ಇವುಗಳನ್ನು ಬಿಡುವಂತಿರಲಿಲ್ಲ.

1800ರಲ್ಲಿ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಮುಖ್ಯ ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೊ 1807ರವರೆಗೆ ಇದ್ದು ಪಾಳೆಯಗಾರರ ಬಲ ಮುರಿದ. ಆಯುಧ ಇಟ್ಟುಕೊಳ್ಳುವುದು ಕ್ರಮೇಣ ಸರ್ಕಾರದ ಅಪ್ಪಣೆಗೆ ಒಳಪಟ್ಟಿತು. 1857ರ ನಿಶ್ಶಸ್ತ್ರೀಕರಣದ ಆಜ್ಞೆಯನ್ನು ಮುಧೋಳ ಸೀಮೆಯ ಹಲಗಲಿಯ ಬೇಡರು ಎದುರಿಸಿ ನಿಂತು ಪ್ರಾಣ ಕೊಟ್ಟರು. 1878ರ ಶಸ್ತ್ರಾಸ್ತ್ರ ಕಾಯ್ದೆ ಪರವಾನಗಿಯನ್ನು ದೇಶದ ನಿಯಮವಾಗಿಸಿತು. ಕೊಡವರಿಗೆ ಸಿಕ್ಕ ವಿನಾಯಿತಿ ಬಯಲುಸೀಮೆಯ ಬೇಡರಿಗೆ ಸಿಗಲಿಲ್ಲ. ತಲೆಮಾರುಗಳಿಂದ ಬೇಟೆಯಾಡಿ ಬದುಕಿದವರು ಕಳ್ಳಬೇಟೆಗಾರರಾದರು, ಬೇಟೆ ಅಧಿಕಾರಿಗಳ ವಿರಾಮದ ಆಟವಾಯಿತು. ಈ ಅನ್ಯಾಯವನ್ನು ಬದಿಗಿಟ್ಟು ಈ ಸೀಮೆಯ ಬೇಟೆಯ ಚರಿತ್ರೆ ಬರೆಯಲಾಗದು.

ಬಳ್ಳಾರಿ ದೊಡ್ಡ ದಂಡಿನ ಊರು. ದಖ್ಖನ್ನಿನ ದಂಡುಗಳ ಅಧಿಕಾರಿಗಳಿಗೆ ಚಿಗರೆ ಮೆಚ್ಚಿನ ಬೇಟೆ. ಅವರಿಗೆ ಒದಗಿದ ಉಪಾಯ ಬಂಡಿಯ ಮರೆ. ಹೊಲದಲ್ಲಿ ದಿನವೂ ಓಡಾಡುವ ಎತ್ತಿನ ಬಂಡಿಗೆ ಚಿಗರೆ ಬೆದರುವುದಿಲ್ಲ. ಬಂಡಿಯ ಮಗ್ಗುಲಲ್ಲಿ ನಡೆಯುತ್ತ, ನೇರ ಹೋಗದೆ ಸುತ್ತು ಹಾಕುತ್ತ ಹೋದರೆ ಈಡಿನ ಅಳತೆಗೆ ಸಿಗುತ್ತದೆ. ಮೈಸೂರು ಅರಣ್ಯ ಇಲಾಖೆಯಲ್ಲಿದ್ದ ಸಿ.ಇ.ಎಂ. ರಸಲ್ 1900ರಲ್ಲಿ ಪ್ರಕಟಿಸಿದಂಥ ಬೇಟೆಯ ಪುಸ್ತಕಗಳು ಇಂಥ ಅನುಭವಗಳಿಂದಲೇ ಬೆಳೆದವು.

1880ರ ದಶಕದಲ್ಲಿ ಬಂದ ಹೊಗೆರಹಿತ ಮದ್ದು ಎಲ್ಲವನ್ನೂ ಬದಲಿಸಿತು. ಕರಿಮದ್ದಿನ ಮಾರ್ಟಿನಿ-ಹೆನ್ರಿ ರೈಫಲ್‌ನ ಗುಂಡು ಸೆಕೆಂಡಿಗೆ ಸುಮಾರು 400 ಮೀಟರ್ ವೇಗದಲ್ಲಿ ಹೊರಟು, 200 ಮೀಟರ್ ಮುಟ್ಟುವಷ್ಟರಲ್ಲಿ ನಳಿಗೆಯ ನೇರದಿಂದ ಒಂದೂವರೆ ಮೀಟರಿನಷ್ಟು ಕೆಳಗಿಳಿಯುತ್ತಿತ್ತು. 1910ರ .303 ತೋಟಾದ ಗುಂಡಿನ ವೇಗ ಸುಮಾರು 740 ಮೀಟರ್. ಅದೇ ದೂರದಲ್ಲಿ ಇಳಿತ ಅರ್ಧ ಮೀಟರಿಗೂ ಕಡಿಮೆ. ದೂರವನ್ನು ಅಂದಾಜು ಮಾಡುವಲ್ಲಿ ಸ್ವಲ್ಪ ತಪ್ಪಿದರೂ ಗುಂಡು ತಗಲುವಂತಾಯಿತು. ಈಗ ಬೇಟೆಗಾರನನ್ನು ತಡೆಯುತ್ತಿದ್ದದ್ದು ಅವನ ಕಣ್ಣು ಮಾತ್ರ.

ದುರ್ಬೀನು

ಕಬ್ಬಿಣದ ಗುರಿಯ ತೊಂದರೆ ಲೆಕ್ಕ ಹಾಕಿದರೆ ತಿಳಿಯುತ್ತದೆ. ನಳಿಗೆಯ ತುದಿಯಲ್ಲಿ 2 ಮಿಲಿಮೀಟರ್ ಅಗಲದ ಮಣಿ ಇದೆ, ಅದು ಕಣ್ಣಿನಿಂದ 90 ಸೆಂಟಿಮೀಟರ್ ಮುಂದಿದೆ ಎನ್ನೋಣ. 200 ಮೀಟರಿನಲ್ಲಿ ಅದು ಸುಮಾರು 44 ಸೆಂಟಿಮೀಟರ್ ಅಗಲವನ್ನು ಮುಚ್ಚುತ್ತದೆ. ಚಿಗರೆಯ ಎದೆ ಅದಕ್ಕಿಂತ ಚಿಕ್ಕದು. ಅಂದರೆ ಗುರಿಯೇ ಮಿಕವನ್ನು ಮರೆಮಾಡುತ್ತದೆ. ಮೇಲಾಗಿ ಹಿಂದಿನ ಸೀಳು, ಮುಂದಿನ ಮಣಿ, ಆಚೆಯ ಪ್ರಾಣಿ ಈ ಮೂರನ್ನೂ ಕಣ್ಣು ಒಮ್ಮೆಲೇ ನಿಚ್ಚಳವಾಗಿ ಹಿಡಿಯಲಾರದು. ದುರ್ಬೀನು ಈ ಮೂರನ್ನೂ ಒಂದೇ ಸಮತಲಕ್ಕೆ ತಂದಿತು. ಪ್ರಾಣಿಯೂ ಗುರಿಯ ಗೆರೆಯೂ ಒಟ್ಟಿಗೆ ಕಾಣುವಂತಾಯಿತು. ದೊಡ್ಡದಾಗಿ ತೋರಿಸುವುದಕ್ಕಿಂತ ಇದೇ ಅದರ ಹೆಚ್ಚಿನ ಉಪಕಾರ.

ಅಮೆರಿಕದಲ್ಲಿ 1840ರ ಸುಮಾರಿಗೆ ಮಾರ್ಗನ್ ಜೇಮ್ಸ್, 1855ರಲ್ಲಿ ವಿಲಿಯಂ ಮಾಲ್ಕಂ ಇಂಥ ಉದ್ದನೆಯ ದುರ್ಬೀನುಗಳನ್ನು ಮಾಡಿದರು. ಮುಂಬಯಿ ಸೇನೆಯ ಅಧಿಕಾರಿಯಾಗಿದ್ದ ಡೇವಿಡ್ ಡೇವಿಡ್‌ಸನ್ ರೂಪಿಸಿದ ದುರ್ಬೀನು ವಿಟ್‌ವರ್ತ್ ರೈಫಲ್‌ಗಳ ಮೇಲೆ ಕೂತು ಅಮೆರಿಕದ ಅಂತರ್ಯುದ್ಧದಲ್ಲಿ ಬಳಕೆಯಾಯಿತು. ಬೇಟೆಯಲ್ಲಿ ಅದು ಬೇರೂರಿದ್ದು ಮಧ್ಯ ಯುರೋಪಿನಲ್ಲಿ. ವಿಯೆನ್ನಾದ ಕಾಲೆಸ್ ಕಂಪನಿ 1898ರಿಂದ ಈ ಕೆಲಸದಲ್ಲಿದೆ. ಜರ್ಮನಿಯ ತ್ಸೈಸ್‌ನಲ್ಲಿ ಅಲೆಕ್ಸಾಂಡರ್ ಸ್ಮಾಕುಲಾ 1935ರಲ್ಲಿ ಮಸೂರಕ್ಕೆ ತೆಳುಲೇಪ ಬಳಿದು ಬೆಳಕು ಪ್ರತಿಫಲಿಸಿ ಪೋಲಾಗುವುದನ್ನು ತಗ್ಗಿಸಿದ. 1930ರಲ್ಲಿ ಅಮೆರಿಕದ ವೀವರ್ ಕಂಪನಿ ಸಾಮಾನ್ಯ ಬೇಟೆಗಾರ ಕೊಳ್ಳುವ ಬೆಲೆಗೆ ದುರ್ಬೀನು ತಂದಿತು.

ಆಯ್ಕೆಯ ಪ್ರಶ್ನೆ ಹುಟ್ಟುವುದು ಇಲ್ಲಿಂದ ಮುಂದೆ. ದೊಡ್ಡದಾಗಿ ತೋರಿಸಿದಷ್ಟೂ ಒಳ್ಳೆಯದೆಂಬ ನಂಬಿಕೆ ನಮ್ಮ ಬಯಲಿನಲ್ಲಿ ನಿಲ್ಲುವುದಿಲ್ಲ. ಹೊತ್ತೇರಿದ ಮೇಲೆ ಎರೆ ನೆಲದಿಂದ ಏಳುವ ಝಳದಲ್ಲಿ ದೂರದ ವಸ್ತು ನಡುಗುತ್ತದೆ. ದುರ್ಬೀನು ಪ್ರಾಣಿಯ ಜೊತೆ ಆ ನಡುಕವನ್ನೂ, ಕೈಯ ಅದುರನ್ನೂ ಅಷ್ಟೇ ಪಟ್ಟು ಹಿಗ್ಗಿಸುತ್ತದೆ. ಪಟ್ಟು ಹೆಚ್ಚಿದರೆ ಕಾಣುವ ಬಯಲು ಕಿರಿದಾಗುತ್ತದೆ; ಹಿಂಡಿನಲ್ಲಿ ಹೆಣ್ಣು ಯಾವುದು, ಕರಿಯ ಗಂಡು ಯಾವುದು ಎಂದು ಹುಡುಕುವಷ್ಟರಲ್ಲಿ ಹಿಂಡು ಹೋಗಿರುತ್ತದೆ. ಮುಂದಿನ ಮಸೂರದ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕೊಳವೆಯ ಅಗಲ ಸಿಗುತ್ತದೆ. 40 ಮಿಲಿಮೀಟರ್ ಮಸೂರಕ್ಕೆ 4 ಪಟ್ಟಾದರೆ 10 ಮಿಲಿಮೀಟರ್, 10 ಪಟ್ಟಾದರೆ ಬರೀ 4. ನಸುಕಿನಲ್ಲಿ ಕಣ್ಣಿನ ಪಾಪೆ 7 ಮಿಲಿಮೀಟರಿನವರೆಗೆ ಅರಳುವುದರಿಂದ ಎರಡನೆಯದರಲ್ಲಿ ಚಿತ್ರ ಮಬ್ಬಾಗುತ್ತದೆ. ಕಣ್ಣಿಗೂ ಹಿಂದಿನ ಮಸೂರಕ್ಕೂ ಎಂಟು-ಹತ್ತು ಸೆಂಟಿಮೀಟರ್ ಎಡೆ ಇರಲೇಬೇಕು. ಇಲ್ಲವಾದರೆ ಈಡಿನ ಒದೆತಕ್ಕೆ ಹುಬ್ಬು ಸೀಳುತ್ತದೆ. ಬಹುಕಾಲ ಬೇಟೆಗಾರರ ಒಲವು ಬದಲಾಗದ 4 ಪಟ್ಟಿನ ಸರಳ ದುರ್ಬೀನಿನ ಕಡೆಗೇ ಇದ್ದುದಕ್ಕೆ ಈ ಲೆಕ್ಕಗಳೇ ಕಾರಣ.

ಆದರೆ ಈ ತಾಲೂಕುಗಳ ಪರವಾನಗಿದಾರರಲ್ಲಿ ಹೆಚ್ಚಿನವರ ಬಳಿ ಇದ್ದದ್ದು ಕೇಪಿನ ಬಂದೂಕು, ಇಲ್ಲವೇ ಚರೆ ಹೊಡೆಯುವ ಒಂಟಿ ಅಥವಾ ಜೋಡಿ ನಳಿಗೆ. ಅವುಗಳಿಗೆ ದುರ್ಬೀನು ಬೇಕಿರಲಿಲ್ಲ. ಸೇನೆಯ ಅಳತೆಯ ರೈಫಲ್‌ಗಳು ಜನಸಾಮಾನ್ಯರಿಗೆ ನಿಷಿದ್ಧವಾದ್ದರಿಂದ ಸ್ವಾತಂತ್ರ್ಯಾನಂತರ ಸರ್ಕಾರಿ ಶಸ್ತ್ರ ಕಾರ್ಖಾನೆ .315 ಅಳತೆಯ ರೈಫಲ್ ಮಾಡಿ ಮಾರಿತು. ದುರ್ಬೀನು ಕೂಡಿಸಿದ ರೈಫಲ್ ಅಧಿಕಾರಿಗಳ, ಸಿರಿವಂತರ ಸೊತ್ತಾಗಿಯೇ ಉಳಿಯಿತು.

ನಿಷೇಧ

1912ರ ಕಾಡುಹಕ್ಕಿ ಮತ್ತು ಪ್ರಾಣಿಗಳ ಸಂರಕ್ಷಣಾ ಕಾಯ್ದೆ ಚಿಗರೆಯೂ ಸೇರಿದಂತೆ ಹಲವು ಪ್ರಾಣಿಗಳಿಗೆ ಬೇಟೆ ಕೂಡದ ಕಾಲವನ್ನು ಗೊತ್ತುಮಾಡಲು ಅವಕಾಶ ಕೊಟ್ಟಿತು. ಆಸ್ತಿ ರಕ್ಷಣೆಗಾಗಿ ಕೊಲ್ಲುವುದನ್ನು ಅದು ತಡೆಯಲಿಲ್ಲ. ಎರಡನೆಯ ಮಹಾಯುದ್ಧದ ಬಳಿಕ ಅಗ್ಗವಾಗಿ ಸಿಕ್ಕ ಜೀಪು, ಅದರ ದೀಪದ ಬೆಳಕು, ಬೆಳೆ ಕಾವಲಿನ ಹೆಸರಿನ ಬಂದೂಕು ಇವು ಕೂಡಿ ದೇಶದ ಬಯಲುಗಳನ್ನೇ ಬರಿದು ಮಾಡಿದವು. ಇ.ಪಿ. ಗೀ ಅವರಂಥ ವನ್ಯಜೀವಿ ಬರಹಗಾರರು ಆಗಲೇ ಎಚ್ಚರಿಸಿದ್ದರು. ಚಿಗರೆಯ ಸಹಜ ವೈರಿಯಾದ ಸಿವಂಗಿ 1952ರಲ್ಲಿ ಭಾರತದಿಂದ ಅಳಿಯಿತೆಂದು ಘೋಷಣೆಯಾಯಿತು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೃಷ್ಣಮೃಗವನ್ನು ಒಂದನೆಯ ಅನುಸೂಚಿಗೆ ಸೇರಿಸಿತು. 1991ರ ತಿದ್ದುಪಡಿ ಉಳಿದ ಪ್ರಾಣಿಗಳ ಬೇಟೆ ಪರವಾನಗಿಯನ್ನೂ ತೆಗೆದುಹಾಕಿತು. ಹೊಳೆಯಾಚೆ ರಾಣೆಬೆನ್ನೂರಿನಲ್ಲಿ 1974ರಲ್ಲಿ 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯವಾಯಿತು. ಕೂಡ್ಲಿಗಿಯ ನೆರೆಯ ಜಗಳೂರು ತಾಲೂಕಿನ ರಂಗಯ್ಯನದುರ್ಗ 2011ರಿಂದ ಕೊಂಡುಕುರಿಯ ಅಭಯಾರಣ್ಯ. ಗುಡೇಕೋಟೆಯ ಗುಡ್ಡಗಳು ಕರಡಿಗೆ ಮೀಸಲು. ಹಗರಿಬೊಮ್ಮನಹಳ್ಳಿಯ ಅಂಕಸಮುದ್ರ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿ ಸೇರಿತು. ಆದರೆ ಚಿಗರೆಗೆ ಬೇಕಾದ ಬೋಳು ಹುಲ್ಲುಗಾವಲನ್ನು ಬಂಜರೆಂದು ಬಗೆದು ನೀಲಗಿರಿ ನೆಟ್ಟದ್ದು ರಾಣೆಬೆನ್ನೂರಿನಲ್ಲೇ ನಡೆಯಿತು. ಗುಂಡಿನಿಂದ ಉಳಿದದ್ದನ್ನು ಸಸಿ ನೆಟ್ಟು ಇಕ್ಕಟ್ಟಿಗೆ ಸಿಲುಕಿಸಿದ ಈ ತಪ್ಪಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಶೇಂಗಾ, ಜೋಳ, ಮೆಕ್ಕೆಜೋಳದ ಎಳೆಯ ಪೈರನ್ನು ಚಿಗರೆ ಹಿಂಡು ಮೇಯುವುದು ಇಂದಿಗೂ ನಿಂತಿಲ್ಲ. ರೈತನ ನಷ್ಟ ನಿಜವಾದದ್ದು. ಅದಕ್ಕೆ ಅರಣ್ಯ ಇಲಾಖೆಯ ಪರಿಹಾರವಿದೆ, ಅದು ಹಂಗಾಮು ಮುಗಿಯುವ ಮೊದಲೇ ಕೈಸೇರಬೇಕು. ಬೆಳೆ ಕಾಯಲೆಂದು ಪರವಾನಗಿ ಪಡೆದ ಬಂದೂಕು ಚುನಾವಣೆ ಬಂದಾಗಲೆಲ್ಲ ಪೊಲೀಸ್ ಠಾಣೆ ಸೇರುತ್ತದೆ, ಚಿಗರೆಯ ಮೇಲೆ ಅದನ್ನು ಎತ್ತುವಂತಿಲ್ಲ. ಕಾಯ್ದೆಯ ದೃಷ್ಟಿಯಲ್ಲಿ ಅಟ್ಟುವುದು, ಉರುಲು ಒಡ್ಡುವುದು, ಕೊಲ್ಲಲು ಯತ್ನಿಸುವುದು ಎಲ್ಲವೂ ಬೇಟೆಯೇ. ಒಂದನೆಯ ಅನುಸೂಚಿಯ ಪ್ರಾಣಿಗೆ 3ರಿಂದ 7 ವರ್ಷ ಸೆರೆ. 2022ರ ತಿದ್ದುಪಡಿಯ ಬಳಿಕ ದಂಡ ಕನಿಷ್ಠ 25,000 ರೂಪಾಯಿ. ಕೃತ್ಯಕ್ಕೆ ಬಳಸಿ ವಶವಾದ ಆಯುಧ, ಬಲೆ, ವಾಹನಗಳು ಸರ್ಕಾರದ ಸೊತ್ತಾಗುತ್ತವೆ. ರೈಫಲ್ ಹೋದರೆ ಅದರ ಮೇಲೆ ಕೂಡಿಸಿದ ದುರ್ಬೀನೂ ಅದರೊಡನೆ ಹೋಗುತ್ತದೆ.