ಹೂಂಗುಟ್ಟಿದರಷ್ಟೇ ಮುಂದಿನ ಕಥೆ

ಮೊನ್ನೆ ಅಕ್ಕನ ಮಗಳು ಫೋನ್ ಮಾಡಿದ್ದಳು. ಬಿ.ಎ. ಮುಗಿಸಿ ಈಗ ಪೈಥಾನ್ ಕಲಿಯುತ್ತಿದ್ದಾಳೆ. "ಮಾಮ, ಅಂಕಗಳ ಮೊತ್ತ ಸರಿಯಾಗಿ ಬಂತು. ಅದೇ ಅಂಕಗಳಲ್ಲಿ ಅತಿ ದೊಡ್ಡದು ಯಾವುದು ಅಂತ ಕೇಳಿದ್ರೆ, ಏನೂ ಇಲ್ಲ ಅಂತಿದೆ. ಈ ವಿದ್ಯೆ ನನಗೆ ಹತ್ತಲ್ಲ ಬಿಡಿ" ಅಂದಳು. ದನಿ ಸಣ್ಣಗಾಗಿತ್ತು.

ಅವಳು ಬರೆದದ್ದನ್ನು ತರಿಸಿ ನೋಡಿದೆ. ಪೈಥಾನ್ ೨ರ ಕಾಲದಲ್ಲಿ ಕಲಿತ ನನ್ನ ಕಣ್ಣಿಗೆ ಎಲ್ಲವೂ ಸರಿಯೇ! ಹಾಗಾದರೆ ಅಂಕಗಳು ಹೋದದ್ದೆಲ್ಲಿಗೆ? ಉತ್ತರಕ್ಕೆ ಸುಮಾರು ಅರ್ಧ ಶತಮಾನ ಹಿಂದೆ ಹೋಗಬೇಕು.

೧೯೭೦ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಬಾರ್ಬರಾ ಲಿಸ್ಕೋವ್ ಮತ್ತು ಅವರ ವಿದ್ಯಾರ್ಥಿಗಳು 'ಕ್ಲೂ' ಎಂಬ ಭಾಷೆ ಕಟ್ಟುತ್ತಿದ್ದರು. ಒಂದು ಸಂಗ್ರಹದ ಒಳರಚನೆ ಬಯಲು ಮಾಡದೆ ಅದರಲ್ಲಿರುವುದನ್ನು ಒಂದೊಂದಾಗಿ ಕೊಡುವುದು ಹೇಗೆ ಎಂಬುದು ಅವರ ತಲೆನೋವು. ೧೯೭೫ರಲ್ಲಿ ಕಾರ್ನೆಗಿ ಮೆಲನ್‌ಗೆ ಹೋದಾಗ, ಅಲ್ಲಿನ 'ಆಲ್ಫಾರ್ಡ್' ಭಾಷೆಯ ಜನರೇಟರ್ ನೋಡಿದರು. ವಿಚಾರ ಹಿಡಿಸಿತು, ರೂಪ ಹಿಡಿಸಲಿಲ್ಲ. ವಾಪಸ್ ಬರುವ ವಿಮಾನದಲ್ಲೇ ರಸ್ ಅಟ್ಕಿನ್ಸನ್ ಇಟರೇಟರ್ ಕಲ್ಪನೆ ಮುಂದಿಟ್ಟರಂತೆ!

ಅದು ನಮ್ಮ ಅಜ್ಜಿ ಕಥೆ ಹೇಳಿದ ಹಾಗೆ. ಒಂದು ಮಾತು ಹೇಳಿ ನಿಲ್ಲುತ್ತಾಳೆ. ಮಗು "ಹೂಂ" ಅಂದರೆ ನಿಂತಲ್ಲಿಂದಲೇ ಮುಂದುವರಿಸುತ್ತಾಳೆ. ಹೀಗೆ ಒಂದನ್ನು ಕೊಟ್ಟು ನಿಲ್ಲುವುದಕ್ಕೆ ಕ್ಲೂನಲ್ಲಿ ಇಟ್ಟ ಹೆಸರು 'ಯೀಲ್ಡ್'. ಆದರೆ ಅಲ್ಲಿ ಇಟರೇಟರನ್ನು 'ಫಾರ್' ಲೂಪಿನೊಳಗೆ ಮಾತ್ರ ಕರೆಯಬಹುದಿತ್ತು. ಪ್ರತಿ ಲೂಪಿಗೂ ಕಥೆ ಮೊದಲಿಂದ ಶುರು. ಅರ್ಧ ಹೇಳಿದ ಕಥೆಯನ್ನು ಹೆಸರಿಟ್ಟು ಕೈಯಲ್ಲಿ ಹಿಡಿದುಕೊಳ್ಳುವಂತಿರಲಿಲ್ಲ.

೨೦೦೧ರ ಡಿಸೆಂಬರಿನಲ್ಲಿ ಬಂದ ಪೈಥಾನ್ ೨.೨ ಇಟರೇಟರನ್ನು ಕೈಯಲ್ಲಿ ಹಿಡಿಯಬಹುದಾದ ವಸ್ತುವಾಗಿಸಿತು. ಯೀಲ್ಡ್ ಕೂಡ ಅದರಲ್ಲೇ ಬಂತು. ಆಮೇಲೆ ೨೦೦೮ರ ಡಿಸೆಂಬರಿನ ಪೈಥಾನ್ ೩. ಅಲ್ಲಿಯವರೆಗೆ ಪೂರ್ತಿ ಪಟ್ಟಿ ಕೊಡುತ್ತಿದ್ದ 'ಮ್ಯಾಪ್', ಅಂದಿನಿಂದ ಇಟರೇಟರ್ ಕೊಡತೊಡಗಿತು. ಲಕ್ಷಗಟ್ಟಲೆ ಸಂಖ್ಯೆಗಳಿದ್ದರೂ ಎಲ್ಲವನ್ನೂ ಒಮ್ಮೆಲೇ ಮೆಮೊರಿಯಲ್ಲಿ ತುಂಬಬೇಕಿಲ್ಲ ಎಂಬುದು ಲಾಭ. ಒಮ್ಮೆ ಮುಗಿದರೆ ಮುಗಿಯಿತು ಎಂಬುದು ಅದಕ್ಕೆ ತೆತ್ತ ಬೆಲೆ.

ಹುಡುಗಿ ಸಿಕ್ಕಿಬಿದ್ದದ್ದು ಇಲ್ಲೇ. ಮೊತ್ತ ಮಾಡುವಾಗಲೇ ಕಥೆ ಪೂರ್ತಿ ಮುಗಿದಿತ್ತು. ಎರಡನೇ ಸಲ "ಹೂಂ" ಅಂದಾಗ ಹೇಳಲು ಏನೂ ಉಳಿದಿರಲಿಲ್ಲ. ತಮಾಷೆಯೆಂದರೆ, ಇಟರೇಟರ್ ಖಾಲಿಯಾಗಿದ್ದರೂ 'ಫಾರ್' ಲೂಪ್ ದೂರುವುದೇ ಇಲ್ಲ, ಸುಮ್ಮನೆ ದಾಟಿಹೋಗುತ್ತದೆ. 'ಮ್ಯಾಕ್ಸ್' ಕೇಳಿದ್ದಕ್ಕೆ ಇವಳಿಗೆ ತಪ್ಪಾದರೂ ಕಂಡಿತು.

"ಮೊದಲೇ 'ಲಿಸ್ಟ್' ಮಾಡಿಟ್ಟುಕೊ, ಎಷ್ಟು ಸಲ ಬೇಕಾದರೂ ಓದಬಹುದು" ಅಂದೆ. ಜೊತೆಗೆ ಈ ಕಥೆಯನ್ನೂ ಹೇಳಿದೆ. ಲಿಸ್ಕೋವ್ ಅವರಿಗೆ ೨೦೦೮ನೇ ಸಾಲಿನ ಟ್ಯೂರಿಂಗ್ ಪ್ರಶಸ್ತಿ ಬಂತೆಂದೂ ಹೇಳಿದೆ. ಒಂದು ಗಳಿಗೆ ಸುಮ್ಮನಿದ್ದು, "ಅಂದ್ರೆ ಇದು ನನ್ನ ದಡ್ಡತನ ಅಲ್ಲ, ಅಲ್ವಾ ಮಾಮ?" ಅಂದಳು.

ಅಲ್ಲ ಮಗಳೇ. ೧೯೭೫ರಲ್ಲಿ ಬರಲು ಸಾಧ್ಯವೇ ಇಲ್ಲದಿದ್ದ ತಪ್ಪು ಅದು. ಆಮೇಲಿನವರು ಯೋಚಿಸಿಯೇ ಒಪ್ಪಿಕೊಂಡದ್ದು.

ನಿಮಗೂ ಹೀಗೆ ಕಥೆ ಮುಗಿದ ಮೇಲೆ ಹೂಂಗುಟ್ಟಿದ ಅನುಭವ ಇರಬೇಕಲ್ಲ?